ಮಡ್ಡಿ ಯಾರದು?

(ವಿಜಯಪುರದ ಒಂದು ಕುಟುಂಬ ಎರಡು ಬೈಕುಗಳಲ್ಲಿ ತಿಕೋಟಾ, ಬಬಲೇಶ್ವರ ಸುತ್ತಿ, ಗಲಗಲಿಯಲ್ಲಿ ಕೃಷ್ಣೆ ದಾಟಿ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಅಂಚಿನ ರಸ್ತೆಯಲ್ಲಿ ಹೋಗಿ, ಚಿಂಕಾರ ಎಂಬ ಹುಲ್ಲೆಯನ್ನು ಕಂಡು ಬಂದಿದೆ. ಮರಳುವ ದಾರಿಯಲ್ಲಿ ಮಮದಾಪುರದ ಆದಿಲ್‌ಶಾಹಿ ಕಾಲದ ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿದ್ದಾರೆ. ಮಾತಾಡುವವರು: ಕಾಲೇಜಿನಲ್ಲಿ ಓದುವ ಮಗಳು, ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ಕಾಕಾ, ಕುರಿ ಸಾಕುವ ಮನೆಯಿಂದ ಬಂದ ಅವ್ವ.)

ಕಾಕಾ: ಚಿಂಕಾರ ಕಣ್ಣಿಗೆ ಬಿದ್ದದ್ದು ಭಾಳ ಛಲೋ ಆತು. ಆದ್ರ ಆ ಮಡ್ಡಿ ನೋಡಿ ಸಂಕಟ ಆತು. ಬರೇ ಕಲ್ಲು, ಕುರುಚಲ ಗಿಡ, ಒಣಗಿದ ಹುಲ್ಲು. ಅಲ್ಲೂ ನಾಕು ಗಿಡ ಹಚ್ಚಿ ನೀರು ಕೊಟ್ಟಿದ್ರ ಆ ಬಡ ಪ್ರಾಣಿಗೆ ನೆರಳರ ಸಿಗತಿತ್ತು.

ಮಗಳು: ಅದು ನೆರಳಿನ ಪ್ರಾಣಿ ಅಲ್ರಿ ಕಾಕಾ. ರಾಜಸ್ಥಾನದ ಥಾರ್ ಮರುಭೂಮಿಯೊಳಗ ಇರೂದೂ ಇದೇ ಜಾತಿ. ತಿನ್ನೂ ಎಲಿಯೊಳಗಿನ ನೀರು, ಹುಲ್ಲಿನ ಮ್ಯಾಲಿನ ಇಬ್ಬನಿ, ಇಷ್ಟರ ಮ್ಯಾಲೇ ಎಷ್ಟೋ ದಿನ ಕಳೀತೈತಿ. ನಮ್ಮ ಗಾಡಿ ಸಪ್ಪಳಕ್ಕ ಏನು ಮಾಡ್ತು, ನೋಡಿದ್ರಲ್ಲ? ಓಡಿ ಹೋಗಿ, ದೂರ ನಿಂತು, ಹೊಳ್ಳಿ ನೋಡ್ತು. ದೂರದಿಂದ ವೈರಿ ಕಾಣಬೇಕು, ಅಡ್ಡಿ ಇಲ್ದ ಓಡಾಕ ಬಯಲು ಬೇಕು. ಅದರ ಜೀವ ನಿಂತಿರೂದು ಈ ಎರಡರ ಮ್ಯಾಲ. ಗಿಡ ದಟ್ಟ ಆದ್ರ ಎರಡೂ ಹೋದವು. ಅದಕ್ಕಂತಲೇ 2016ರಾಗ ಸುಮಾರು 96 ಚದರ ಕಿಲೋಮೀಟರ್ ನೆಲ ವನ್ಯಜೀವಿಧಾಮ ಅಂತ ಘೋಷಣೆ ಆತು.

ಕಾಕಾ: ನಿನ್ನ ಮಾತು ಖರೆ ಇರಬಹುದು. ಆದ್ರ ನಮ್ಮ ಜಿಲ್ಲಾದಾಗ ವರ್ಷಕ್ಕ 600 ಮಿಲಿಮೀಟರ್ ಆಸುಪಾಸು ಮಳಿ, ಅದೂ ಬೇಕಾದಾಗ ಬರೂದಿಲ್ಲ. 1972ರ ಬರ ಹಿರ್‍ಯಾರ ಬಾಯಾಗ ಇನ್ನೂ ಐತಿ. ಬರ ಬಿದ್ದಾಗೆಲ್ಲ ಮನಿಗೆ ಕೀಲಿ ಹಾಕಿ ಗೋವಾ, ಮಹಾರಾಷ್ಟ್ರ ಅಂತ ಗುಳೆ ಹೋದೋರು ನಾವು. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣಾ ನೀರು ಈ ಕಡೆ ಏರಿ ಬಂತು. ಕೆರಿ ತುಂಬಿದವು, ಬಾವಿಗೆ ಜೀವ ಬಂತು. ಒಣ ನೆಲ ಚಂದ ಅನ್ನಾಕ ಮೊದಲ ಹೊಟ್ಟಿ ತುಂಬಿರಬೇಕವ್ವಾ.

ಮಗಳು: ಆ ಮಾತು ತಲಿ ಮ್ಯಾಲ ಇಟ್ಕೋತೀನಿ. ಹೊಲಕ್ಕ ನೀರು ಬ್ಯಾಡ ಅನ್ನೂದಿಲ್ಲ. ಕೋಟಿ ವೃಕ್ಷ ಅಭಿಯಾನದಾಗ ರಸ್ತೆ ಬದಿಗೆ, ಸಾಲಿ ಅಂಗಳಕ್ಕ ಹಚ್ಚಿದ ಗಿಡಗಳ ಬಗ್ಗೆ ನನಗೂ ಹೆಮ್ಮಿ ಐತಿ. ನಾ ಕೇಳೂದು ಬ್ಯಾರೆ. ನಮಗ ಉಪಯೋಗಿಲ್ಲದ ನೆಲದ ಮ್ಯಾಲ ಬ್ಯಾರೆ ಯಾರಿಗೂ ಹಕ್ಕಿಲ್ಲೇನು? ಬ್ರಿಟಿಷರ ಕಂದಾಯ ಲೆಕ್ಕದಾಗ ತೆರಿಗಿ ಕೊಡದ ನೆಲಕ್ಕ ಬೆಲಿ ಇರಲಿಲ್ಲ. ಇವತ್ತಿಗೂ ದೇಶದ ಪಾಳು ಭೂಮಿಯ ನಕಾಶೆಯೊಳಗ ಕುರುಚಲ ಕಾಡು ಸೇರೇತಿ. ದಖ್ಖನ್ನಿನ ಬಯಲಿನ್ಯಾಗ ಓಡಾಡತಿದ್ದ ಎರೆಭೂತ ಹಕ್ಕಿ ಈಗ ನಮ್ಮ ರಾಜ್ಯದಾಗ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದೈತಿ. ಅದು ಬದುಕತಿದ್ದ ಹುಲ್ಲುಗಾವಲನ್ನ ನಾವು ಖಾಲಿ ಅಂತ ತಿಳದ್ವಿ.

ಕಾಕಾ: ಹಕ್ಕು ಕೇಳಾಕ ಬಾಯಿ ಬೇಕು. ಇನ್ನ ಚಿಗರಿ ಹಿಂಡು ಬಂದು ಕಡಲಿ ಹೊಲ ಮೇಯ್ದು ಹೋದ್ರ ರೈತ ಯಾರನ್ನ ಕೇಳಬೇಕು?

ಅವ್ವ: ತಮ್ಮಾ, ತೊಟ್ಟಿಲ ಕೂಸಿಗೂ ಬಾಯಿಲ್ಲ. ಹಂಗಂತ ಅದರ ಪಾಲಿನ ಹೊಲ ಯಾರೂ ಮಾರಕೊಳ್ಳೂದಿಲ್ಲ. ದೊಡ್ಡವರು ಕಾಯ್ದು ಕೊಡತಾರ. ರೈತನ ನಷ್ಟ ಸುಳ್ಳಲ್ಲ. ಪ್ರಾಣಿಯಿಂದ ಆದ ಹಾನಿಗೆ ಪರಿಹಾರ ಲಗೂನ ಕೈಗೆ ಮುಟ್ಟಬೇಕು. ಚಿಗರಿ ಬೇಕು ಅನ್ನೂದು ನಾಡಿಗೆಲ್ಲ, ಅದರ ಖರ್ಚು ಒಬ್ಬ ರೈತಗ ಅಂದ್ರ ಅದು ನ್ಯಾಯ ಅಲ್ಲ. ನನ್ನ ತವರಾಗ ತ್ವಾಳ ಕುರಿಮರಿ ಒಯ್ದದ್ದು ನೋಡೇನಿ. ನಮ್ಮಪ್ಪ ಇನ್ನೊಂದು ನಾಯಿ ಸಾಕಿದ, ಮುಳ್ಳಿನ ಬೇಲಿ ಎತ್ತರ ಮಾಡಿದ. ವಿಷ ಮಾತ್ರ ಇಡಲಿಲ್ಲ.

ಕಾಕಾ: ಕುರಿ ಕಳಕೊಂಡವರೂ ಹಿಂಗ ಅಂತೀರಲ್ಲ ವೈನಿ!

ಅವ್ವ: ಯಾಕಂದ್ರ ಕುರಿಗೂ ತ್ವಾಳಕ್ಕೂ ಒಂದೇ ಬಯಲು ಬೇಕು. ಗಿಡ ಹಚ್ಚಾಕ ಬಂದವರು ಮೊದಲ ಸುತ್ತ ತಗ್ಗು ತೋಡತಾರ, ಕುರಿ ಒಳಗ ಬಿಡೂದಿಲ್ಲ. ಗಿಡ ಬೆಳೆದು ನೆರಳು ದಟ್ಟಾದ್ರ ಹುಲ್ಲು ಕಡಿಮಿ ಆಗತೈತಿ. ಆವಾಗ ಕುರಿ, ಕುರುಬ, ಚಿಗರಿ, ಚಿಗರಿ ಬೆನ್ನಿಗಿರೂ ತ್ವಾಳ, ಎಲ್ಲಾರೂ ಒಮ್ಮೆಲೇ ಹೊರಗ. ಮಡ್ಡಿ ಖಾಲಿ ಇರಲಿಲ್ಲ. ನಾವು ಯಾರನ್ನೂ ಕೇಳಲಿಲ್ಲ.

ಕಾಕಾ: ಹಂಗಾರ ನಮ್ಮಂಥವರು ಗಾಡಿ ತಗೊಂಡು ಆ ಕಡೆ ಹೋಗೂದೂ ತಪ್ಪೇನು?

ಮಗಳು: ಹೋಗಬೇಕು ಕಾಕಾ. ಕಣ್ಣಿಂದ ನೋಡದ್ದನ್ನ ಕಾಯಬೇಕು ಅಂತ ಮನಸಿಗೆ ಅನಸೂದಿಲ್ಲ. ಆದ್ರ ಸುಡು ಬಿಸಲಾಗ ಚಿಂಕಾರನ್ನ ಓಡಿಸಿದ್ರ, ಮೈಯಾಗ ಜ್ವಾಕಿ ಮಾಡಿದ ನೀರನ್ನ ಅದು ಆ ಓಟಕ್ಕ ಕಳಕೋತೈತಿ. ನಮಗ ಸಿಗೂದು ಒಂದು ಫೋಟೋ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯೊಳಗ ಚಿಂಕಾರ, ನಾವು ಚಿಗರಿ ಅನ್ನೂ ಕೃಷ್ಣಮೃಗ, ತ್ವಾಳ ಮೂರೂ ಅದಾವ. ಬೆನ್ನಟ್ಟಿ ಓಡಿಸೂದೂ ಆ ಕಾಯ್ದೆಯ ಲೆಕ್ಕಕ್ಕ ಬೇಟೆನೇ. ಕಾಯ್ದೆ ಇರದಿದ್ರೂ, ಅದರ ಮನಿಗೆ ಹೋದವರು ನಾವು. ಎಷ್ಟು ದೂರ ನಿಂದರಬೇಕು ಅನ್ನೂದನ್ನ ಅದೇ ಹೇಳಬೇಕು. ಅದು ಮೇಯೂದು ಬಿಟ್ಟು ತಲಿ ಎತ್ತಿದ್ರ ನಾವು ಭಾಳ ಹತ್ರ ಬಂದೀವಿ ಅಂತ ತಿಳೀಬೇಕು.

ಕಾಕಾ: ಹೊಲದ ನೀರು ನಾ ಬಿಟ್ಟುಕೊಡೂದಿಲ್ಲ, ಅದು ನಮ್ಮ ಅನ್ನ. ಆದ್ರ ಊರ ಗಾಯರಾಣ, ದನ ಕುರಿ ಮೇಯೂ ಆ ಮಡ್ಡಿ, ಯಾರದು ಅಂತ ನಾ ಹಿಂಗ ವಿಚಾರ ಮಾಡಿರಲಿಲ್ಲ. ಇನ್ನ ಅದನ್ನ ಪ್ಲಾಟಿಗೆ, ಸೋಲಾರಿಗೆ, ದಟ್ಟ ಗಿಡಕ್ಕ ಕೊಡೂ ಠರಾವು ಬಂದ್ರ, ಅಲ್ಲಿ ಮೇಯೋರು ಯಾರ್‍ಯಾರು ಅದಾರ ಅಂತ ಗ್ರಾಮಸಭೆಯೊಳಗ ಮೊದಲ ಕೇಳತೀನಿ.

ಅವ್ವ: ಕೇಳು ತಮ್ಮಾ. ಹೊಲಕ್ಕ ನೀರು ಬರಲಿ, ದಾರಿಗೆ ಬೇವು ಬೆಳೀಲಿ, ಉಳಿದ ಮಡ್ಡಿ ಹುಲ್ಲಾಗೇ ಇರಲಿ. ಗಾಡಿ ಮ್ಯಾಲ ಆ ಕಡೆ ಹೋಗೋರಿಗೂ ನಂದೊಂದು ಮಾತು: ಡಾಂಬರ ಬಿಟ್ಟು ಗಾಡಿ ಕೆಳಗ ಇಳಿಸಬ್ಯಾಡ್ರಿ, ಹಾರ್ನ್ ಹೊಡೀಬ್ಯಾಡ್ರಿ, ಪ್ಲಾಸ್ಟಿಕ್ ಚೆಲ್ಲಬ್ಯಾಡ್ರಿ. ಊರಿಗೆ ಬಂದಮ್ಯಾಲ ನಿಮ್ಮೂರ ಗಾಯರಾಣ ಎಷ್ಟು ಉಳಿದೈತಿ ಅಂತ ಪಂಚಾಯ್ತಿಗೆ ಹೋಗಿ ಕೇಳ್ರಿ.