ಗುಡಾರದೊಳಗಿನ ನರಳಾಟ: ಒಂದು ಕಾದಂಬರಿ ಮತ್ತು ಅದರ ಓದುಗರು

ಪಾಪವನ್ನು ವರ್ಣಿಸಿದ ಗ್ರಂಥವು ಪಾಪವನ್ನೇ ಬೋಧಿಸಿದಂತಾಗುವುದೇ ಎಂಬ ಪ್ರಶ್ನೆ ಬಹಳ ಹಳೆಯದು. ಪುರಾಣಗಳಲ್ಲಿಯೂ ಸಪ್ತವ್ಯಸನಗಳ ಕಥೆಗಳುಂಟು. ಆದರೆ ಅಲ್ಲಿ ವ್ಯಸನದ ಫಲವೇನೆಂಬುದನ್ನು ಕಥೆಗಾರನೇ ಕೊನೆಯಲ್ಲಿ ಹೇಳಿಬಿಡುತ್ತಾನೆ. ಆಧುನಿಕ ಕಾದಂಬರಿಕಾರನು ಅನೇಕ ವೇಳೆ ಹಾಗೆ ಹೇಳುವುದಿಲ್ಲ. ನಡೆದುದನ್ನು ನಡೆದಂತೆ ಇಟ್ಟು ತೀರ್ಪನ್ನು ಓದುಗನಿಗೆ ಬಿಟ್ಟುಬಿಡುತ್ತಾನೆ. ಆಗ ಓದುಗರಲ್ಲಿ ಭೇದ ಹುಟ್ಟುವುದು ಸಹಜ. ಇಂಗ್ಲೆಂಡಿನ ಅಲೆಕ್ಸ್ ಗಾರ್ಲೆಂಡ್ 1996ರಲ್ಲಿ ಪ್ರಕಟಿಸಿದ ‘ದಿ ಬೀಚ್’ ಎಂಬ ಕಾದಂಬರಿಯ ಸುತ್ತ ಎದ್ದ ಭಿನ್ನಾಭಿಪ್ರಾಯ ಈ ಬಗೆಯದು. ಆ ಭೇದವನ್ನು ಪರಿಶೀಲಿಸಿದರೆ ಪುಸ್ತಕಕ್ಕಿಂತ ಹೆಚ್ಚಾಗಿ ಮನುಷ್ಯನ ಮನಸ್ಸಿನ ಪರಿಚಯವಾಗುತ್ತದೆ.

ಕಥೆಯ ಸಾರ ಇಷ್ಟು. ಬೆನ್ನಿಗೊಂದು ಚೀಲ ಏರಿಸಿಕೊಂಡು ಅಲ್ಪ ಖರ್ಚಿನಲ್ಲಿ ದೇಶ ಸುತ್ತುವ ರಿಚರ್ಡ್ ಎಂಬ ಆಂಗ್ಲ ತರುಣ ಬ್ಯಾಂಕಾಕಿನ ಖಾವೊ ಸಾನ್ ರಸ್ತೆಯ ಅಗ್ಗದ ವಸತಿಗೃಹದಲ್ಲಿ ತಂಗುತ್ತಾನೆ. ಪಕ್ಕದ ಕೋಣೆಯ ಅಪರಿಚಿತನೊಬ್ಬ ಒಂದು ನಕ್ಷೆಯನ್ನು ಅವನಿಗೆ ಬಿಟ್ಟು ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಆ ನಕ್ಷೆಯನ್ನು ಹಿಡಿದು ರಿಚರ್ಡ್, ಒಬ್ಬ ಫ್ರೆಂಚ್ ತರುಣ ಮತ್ತು ಅವನ ಗೆಳತಿಯೊಡನೆ, ಥಾಯ್ಲೆಂಡ್ ಕೊಲ್ಲಿಯ ಆಂಗ್ ಥಾಂಗ್ ಎಂಬ ಸಂರಕ್ಷಿತ ದ್ವೀಪಸಮೂಹದ ಒಂದು ದ್ವೀಪವನ್ನು ಈಜಿ ಸೇರುತ್ತಾನೆ. ದ್ವೀಪದ ಒಂದು ಭಾಗದಲ್ಲಿ ಗಾಂಜಾ ಬೆಳೆ, ಅದಕ್ಕೆ ಬಂದೂಕುಧಾರಿಗಳ ಕಾವಲು. ಅದರಾಚೆ ಬಂಡೆಗಳ ನಡುವೆ ಹುದುಗಿದ ಶಾಂತವಾದ ಕಡಲಂಚು. ಅಲ್ಲಿ ನಾನಾ ದೇಶಗಳ ಸುಮಾರು ಮೂವತ್ತು ಮಂದಿ ಮೀನು ಹಿಡಿದು, ತರಕಾರಿ ಬೆಳೆದು, ಕೂಡಿ ಬಾಳುತ್ತಿದ್ದಾರೆ. ಸ್ಯಾಲ್ ಎಂಬ ಅಮೆರಿಕನ್ ಮಹಿಳೆ ಅವರ ನಾಯಕಿ. ಅಲ್ಲಿ ಜಗಳ ಕಡಿಮೆ, ಕೆಲಸ ಹಂಚಿಕೆ ಸರಿಸಮ. ಇರುವ ಮುಖ್ಯ ನಿಯಮ ಒಂದೇ: ಈ ಸ್ಥಳದ ಸುದ್ದಿ ಹೊರಗೆ ಹೋಗಕೂಡದು.

ಮೊದಲು ಕೆಟ್ಟ ಆಹಾರದಿಂದ ಶಿಬಿರದ ಬಹುಪಾಲು ಜನ ಕಾಯಿಲೆ ಬೀಳುತ್ತಾರೆ. ಆಮೇಲೆ ಮೀನು ಹಿಡಿಯಲು ಹೋದ ಮೂವರು ಸ್ವೀಡಿಷ್ ತರುಣರ ಮೇಲೆ ಶಾರ್ಕ್ ಎರಗುತ್ತದೆ. ಒಬ್ಬ ಸಾಯುತ್ತಾನೆ. ಕ್ರಿಸ್ಟೊ ಎಂಬವನು ಮಾರಣಾಂತಿಕವಾಗಿ ಗಾಯಗೊಂಡು ಗುಡಾರದಲ್ಲಿ ಮಲಗುತ್ತಾನೆ. ಕಾರ್ಲ್ ಎಂಬವನಿಗೆ ಮೈಗಾಯವಿಲ್ಲ. ಬುದ್ಧಿ ಕಲಕಿ ಮರಳಿನ ಮೇಲೆ ಮೂಕನಂತೆ ಕುಳಿತುಬಿಡುತ್ತಾನೆ. ಆಸ್ಪತ್ರೆ ಇರುವುದು ಹೊರಗಿನ ಲೋಕದಲ್ಲಿ. ಅಲ್ಲಿಗೆ ಕರೆದೊಯ್ದರೆ ಎಲ್ಲಿಂದ ಬಂದಿರೆಂಬ ಪ್ರಶ್ನೆ ಏಳುತ್ತದೆ, ಗುಟ್ಟು ಒಡೆಯುತ್ತದೆ. ಆದ್ದರಿಂದ ಯಾರೂ ಕರೆದೊಯ್ಯುವುದಿಲ್ಲ. ಗುಡಾರದತ್ತ ಹೆಜ್ಜೆ ಹಾಕುವವರು ದಿನದಿನಕ್ಕೆ ಕಡಿಮೆಯಾಗುತ್ತಾರೆ. ಜೆಡ್ ಎಂಬ, ಶಿಬಿರದಲ್ಲಿ ಅಷ್ಟೇನೂ ಬಳಕೆಯಿಲ್ಲದ ಒಬ್ಬನು ಮಾತ್ರ ಸಾಯುತ್ತಿರುವವನ ಬಳಿ ಕುಳಿತಿರುತ್ತಾನೆ. 2000ದಲ್ಲಿ ತೆರೆಕಂಡ ಚಲನಚಿತ್ರದಲ್ಲಿ ಕೆಲವು ಸಂಗತಿಗಳನ್ನು ಬದಲಿಸಲಾಗಿದೆ. ಗಾಯಾಳುವಿನ ನರಳಾಟ ಉಳಿದವರ ಸಂತೋಷವನ್ನು ಕೆಡಿಸುತ್ತದೆಂದು ಅವನನ್ನು ಕಾಡಿನೊಳಕ್ಕೆ ಹೊತ್ತೊಯ್ದು ಬಿಡುವ ದೃಶ್ಯ ಅಲ್ಲಿ ಇನ್ನೂ ಸ್ಪಷ್ಟವಾಗಿದೆ. ಇತ್ತ ನಕ್ಷೆಯ ಪ್ರತಿಯನ್ನು ರಿಚರ್ಡನೇ ಹಿಂದೊಮ್ಮೆ ಬೇರೆಯವರಿಗೆ ಕೊಟ್ಟಿದ್ದನಷ್ಟೆ. ಅದನ್ನು ಹಿಡಿದು ಬಂದವರು ಕಾವಲುಗಾರರ ಗುಂಡಿಗೆ ಬಲಿಯಾಗುತ್ತಾರೆ. ಕೊನೆಗೆ ಪಾರಾಗಿ ಓಡುವ ಗಳಿಗೆಯಲ್ಲಿ ರಿಚರ್ಡ್ ಕ್ರಿಸ್ಟೊನ ಉಸಿರು ಕಟ್ಟಿಸಿ ಅವನ ಪ್ರಾಣ ತೆಗೆಯುತ್ತಾನೆ.

ಈ ಪುಸ್ತಕದ ಓದುಗರು ಮುಖ್ಯವಾಗಿ ಮೂರು ಬಗೆಯಾಗಿ ಒಡೆದಿದ್ದಾರೆ. ಮೊದಲನೆಯವರ ಆಕ್ಷೇಪ ನೈತಿಕವಾದುದು. ಕಥೆ ಹೇಳುವವನಲ್ಲಿ ಪಶ್ಚಾತ್ತಾಪವಿಲ್ಲ. ಮಾದಕ ವಸ್ತು, ಸೋಮಾರಿತನ, ಕೊಲೆ ಎಲ್ಲವೂ ಒಂದೇ ಸಮಧ್ವನಿಯಲ್ಲಿ ಬಂದುಹೋಗುತ್ತವೆ. ಥಾಯ್ಲೆಂಡಿನಲ್ಲಿ ನಡೆಯುವ ಕಥೆಯಲ್ಲಿ ಥಾಯ್ ಜನರಿಗೆ ಮಾತೇ ಇಲ್ಲ. ಅವರು ಬಹುಮಟ್ಟಿಗೆ ದೋಣಿಯವರು, ಅಂಗಡಿಯವರು, ಬಂದೂಕಿನವರು. ಎರಡನೆಯವರು ಇದನ್ನೇ ಗುಣವೆಂದು ಎಣಿಸುತ್ತಾರೆ. ತಮ್ಮನ್ನು ಪ್ರವಾಸಿಗಳಿಗಿಂತ ಮೇಲಿನವರೆಂದು ಭಾವಿಸಿ ಲೋಕ ಸುತ್ತುವ ಒಂದು ತಲೆಮಾರಿನ ಟೊಳ್ಳುತನವನ್ನು ತೋರಿಸಲು ಅಂತಹ ನಿರೂಪಕನೇ ಬೇಕಾಗಿತ್ತೆಂಬುದು ಅವರ ವಾದ. 1954ರಲ್ಲಿ ವಿಲಿಯಂ ಗೋಲ್ಡಿಂಗ್ ಬರೆದ, ದ್ವೀಪದಲ್ಲಿ ಸಿಕ್ಕಿಬಿದ್ದ ಬಾಲಕರು ಕ್ರೂರರಾಗುವ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯ ಸಾಲಿಗೆ ಅವರು ಇದನ್ನು ಸೇರಿಸುತ್ತಾರೆ. ಮೂರನೆಯವರು ವಾದ ಮಾಡುವುದಿಲ್ಲ. ಅವರು ಪುಸ್ತಕ ಮುಚ್ಚಿಟ್ಟು, ಅಂತಹ ಕಡಲಂಚು ಎಲ್ಲಿದೆಯೆಂದು ವಿಚಾರಿಸಿ ಹೊರಡುತ್ತಾರೆ.

ಒಂದು ವಸ್ತುವನ್ನು ಅನೇಕ ನಯಗಳಿಂದ ನೋಡಬಹುದೆಂಬ ಮಾತನ್ನು ಹಿಡಿದು, ಈ ಮೂರೂ ಸರಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಯವೆಂದರೆ ತೀರ್ಪನ್ನು ತಪ್ಪಿಸಿಕೊಳ್ಳುವ ಉಪಾಯವಲ್ಲ. ಯಾವ ನೋಟ ವಸ್ತುವಿನ ಯಾವ ಭಾಗವನ್ನು ಕಂಡಿದೆ, ಯಾವುದನ್ನು ಬಿಟ್ಟಿದೆ ಎಂದು ಅಳೆಯುವ ಶಿಸ್ತು ಅದು. ಹಾಗೆ ಅಳೆದರೆ ಮೂರನೆಯ ಓದುಗ ಲೆಕ್ಕದ ಪುಸ್ತಕದಲ್ಲಿ ಜಮಾ ಬದಿಯನ್ನು ಮಾತ್ರ ಓದಿ ಖರ್ಚಿನ ಬದಿಯನ್ನು ಮಡಚಿಟ್ಟವನು. ಮೊದಲಿನ ಇಬ್ಬರೂ ಕಥೆಯನ್ನು ಪೂರ್ತಿ ಓದಿದ್ದಾರೆ. ಆದರೆ ಇಬ್ಬರ ದೃಷ್ಟಿಯೂ ರಿಚರ್ಡನ ಮೇಲೆಯೇ ನಿಂತಿದೆ. ಅವನು ದುಷ್ಟನೇ, ರೋಗಿಯೇ, ಅವನನ್ನು ಲೇಖಕ ಖಂಡಿಸಿದನೇ, ಮೆಚ್ಚಿದನೇ ಎಂದು ಅವರು ಕೇಳುತ್ತಾರೆ. ಕಾದಂಬರಿಯ ಭಾರವಿರುವುದು ಅವನಲ್ಲಿ ಅಲ್ಲ, ಆ ಗುಡಾರದಲ್ಲಿ.

ಗುಡಾರದ ಸಂಗತಿಯಲ್ಲಿ ಯಾರು ಏನು ಮಾಡಿದರು? ಬಹುಪಾಲು ಜನ ಏನನ್ನೂ ಮಾಡಲಿಲ್ಲ. ಅವರು ಕ್ರಿಸ್ಟೊನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅಡುಗೆ ಮಾಡಿದರು, ಮೀನು ತಂದರು, ಹಬ್ಬಕ್ಕೆ ಸಿದ್ಧತೆ ನಡೆಸಿದರು. ಲೌಕಿಕ ನ್ಯಾಯ ಇಂತಹವರನ್ನು ಹಿಡಿಯುವುದು ಕಷ್ಟ. ಆದರೆ ಜೈನಾಚಾರ್ಯರು ಕರ್ಮದ ಆಸ್ರವವನ್ನು ವಿವರಿಸುವಾಗ ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳನ್ನು ಹೇಳಿದ್ದಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು. ಮನ, ವಚನ, ಕಾಯಗಳೊಡನೆ, ಸಂರಂಭ, ಸಮಾರಂಭ, ಆರಂಭಗಳೊಡನೆ, ನಾಲ್ಕು ಕಷಾಯಗಳೊಡನೆ ಇವನ್ನು ಗುಣಿಸಿದಾಗ 108 ಭೇದಗಳಾಗುತ್ತವೆಂಬುದು ಶ್ರಾವಕರಿಗೆ ತಿಳಿದ ಲೆಕ್ಕ. ಈ ಲೆಕ್ಕದಲ್ಲಿ ಕೈಯಿಂದ ಏನನ್ನೂ ಮಾಡದವನಿಗೂ ಒಂದು ಖಾತೆ ಇದೆ. ನಾಯಕಿ ನಿರ್ಧರಿಸಿದಳು, ಉಳಿದವರು ಕಿವಿಯನ್ನು ಬೇರೆಡೆಗೆ ತಿರುಗಿಸಿದರು. ಆ ಕಿವಿ ತಿರುಗಿಸುವಿಕೆಯೇ ಅನುಮೋದನೆ.

ಇನ್ನೊಂದು ಮಾತು. ನಿರೂಪಕನು ಮರುಗದೆ ಇದ್ದಾಗ ಮರುಗುವ ಕೆಲಸ ಓದುಗನ ಪಾಲಿಗೆ ಬರುತ್ತದೆ. ಅದನ್ನು ಮಾಡಿದ ಓದುಗನಿಗೆ ಪುಸ್ತಕ ನೀತಿಬೋಧೆಯಾಯಿತು. ಮಾಡದೆ ಸಾಹಸದ ರುಚಿಯನ್ನಷ್ಟೇ ಸವಿದವನು, ಕಡಲಂಚಿನ ಆ ಮೂವತ್ತು ಮಂದಿಯ ಪಂಕ್ತಿಯಲ್ಲಿ ತನಗರಿಯದೆ ಕುಳಿತ. ಆದ್ದರಿಂದ ಈ ಪುಸ್ತಕ ನೀತಿಯುತವೇ ಅಲ್ಲವೇ ಎಂಬ ವಿವಾದಕ್ಕೆ ಪುಸ್ತಕದೊಳಗೆ ಮಾತ್ರ ಉತ್ತರ ಹುಡುಕುವುದು ವ್ಯರ್ಥ.

ಇಲ್ಲಿ ಒಂದು ಗಂಭೀರವಾದ ಸಂದೇಹ ಏಳಬಹುದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಧರ್ಮಮಾರ್ಗದಲ್ಲಿರುವವರ ದೋಷವನ್ನು ಬೀದಿಗೆ ಎಳೆಯದೆ ಮುಚ್ಚುವುದು ಗುಣವೆಂದು ಆಚಾರ್ಯರೇ ಹೇಳಿರುವಾಗ, ತಮ್ಮ ಸಮುದಾಯದ ಹಿತಕ್ಕಾಗಿ ಆ ದ್ವೀಪದವರು ಗುಟ್ಟು ಕಾಯ್ದದ್ದು ತಪ್ಪು ಹೇಗೆ? ಸಮಂತಭದ್ರಾಚಾರ್ಯರು ಈ ಅಂಗಕ್ಕೆ ಉದಾಹರಿಸಿದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ನೆನೆದರೆ ಉತ್ತರ ಸಿಗುತ್ತದೆ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಕಳ್ಳನೊಬ್ಬ ಜಿನಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ವ್ರತಿಗಳ ಹೆಸರಿಗೆ ಕಳಂಕ ಬಾರದಿರಲೆಂದು ಶ್ರೇಷ್ಠಿಯು, ಅದನ್ನು ತಾನೇ ತರಿಸಿದ್ದೆಂದು ಹೇಳಿ ಜನರನ್ನು ಕಳುಹಿಸಿದ. ಆದರೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ಆ ಬಳಿಕ ಏಕಾಂತದಲ್ಲಿ ಅವನನ್ನು ಗದರಿಸಿ ಹೊರಗೆ ಹಾಕಿದ. ಮುಚ್ಚಿದ್ದು ದೋಷವನ್ನು, ದೋಷವನ್ನು ಬೆಳೆಯಗೊಡಲಿಲ್ಲ, ಅದರಿಂದ ನೊಂದ ಜೀವವೊಂದನ್ನು ಮುಚ್ಚಿಡಲೂ ಇಲ್ಲ. ಮುಚ್ಚಿದ್ದಕ್ಕೆ ಬೆಲೆ ತೆತ್ತವನು ಸ್ವತಃ ಶ್ರೇಷ್ಠಿಯೇ. ತನ್ನ ಮಾತಿನ ಭಾರವನ್ನು ಅವನು ತಾನೇ ಹೊತ್ತ. ದ್ವೀಪದಲ್ಲಿಯಾದರೋ ಮುಚ್ಚಿಟ್ಟದ್ದು ನರಳುವ ಮನುಷ್ಯನನ್ನು; ಬೆಲೆ ತೆತ್ತವನೂ ಅವನೇ. ಉಪಗೂಹನದ ಪಕ್ಕದಲ್ಲಿಯೇ ಸ್ಥಿತೀಕರಣ, ವಾತ್ಸಲ್ಯ ಎಂಬ ಅಂಗಗಳನ್ನು ಇಟ್ಟಿರುವುದು ಆಕಸ್ಮಿಕವಲ್ಲ. ಬಿದ್ದವನನ್ನು ಎತ್ತದ, ನೊಂದವನನ್ನು ಅಪ್ಪದ ಮುಚ್ಚಳ ಬರಿಯ ಮುಚ್ಚಳ.

ಈ ಅಂತರವನ್ನು ಸಂಘ ಸಂಸ್ಥೆಗಳನ್ನು ನಡೆಸುವವರು ಮರೆಯಬಾರದು. ಮಂದಿರದ ಟ್ರಸ್ಟಾಗಲಿ, ವಿದ್ಯಾರ್ಥಿನಿಲಯವಾಗಲಿ, ಅವಿಭಕ್ತ ಕುಟುಂಬವಾಗಲಿ, ಮನೆತನದ ಮಾನ, ಸಂಸ್ಥೆಯ ಹೆಸರು ಎಂಬ ಮಾತು ಬಂದಾಗ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಮೌನದಿಂದ ಕಷ್ಟಪಡುತ್ತಿರುವವರು ಯಾರು? ಮೌನ ಕಾಯುವವನೇ ಆದರೆ ಅದು ಉಪಗೂಹನವಿರಬಹುದು. ದೂರು ಹೇಳಲಾರದೆ ಒಳಕೋಣೆಯಲ್ಲಿ ಕುಳಿತ ಇನ್ನೊಬ್ಬರಾದರೆ ಅದು ಆ ಗುಡಾರವೇ. ಕಾದಂಬರಿಯಲ್ಲಿ ಜೆಡ್ ಯಾವ ಧರ್ಮಶಾಸ್ತ್ರವನ್ನೂ ಓದಿದವನಲ್ಲ. ಆದರೂ ರೋಗಿಯ ಬಳಿ ಹೇಸದೆ ಕುಳಿತ ಅವನು ಮಾಡಿದ್ದನ್ನು ಶಾಸ್ತ್ರ ವೈಯಾವೃತ್ಯವೆಂದು ಕರೆದು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ. ಆ ಶಿಬಿರದಲ್ಲಿ ಸ್ವರ್ಗವೆಂದು ಕರೆಯಬಹುದಾದ ಸ್ಥಳ ಯಾವುದಾದರೂ ಇದ್ದರೆ ಅದು ಕಡಲಂಚಲ್ಲ, ಅವನು ಕುಳಿತಿದ್ದ ಚಾಪೆಯಷ್ಟು ಅಗಲದ ನೆಲ.

ಒಳ್ಳೆಯವರು ಹೀಗೇಕಾದರು? ಅವರು ಹಣವನ್ನು ತೊರೆದಿದ್ದರು, ಮನೆಯನ್ನು ತೊರೆದಿದ್ದರು, ಹೊರನೋಟಕ್ಕೆ ಅಪರಿಗ್ರಹಿಗಳು. ಆದರೆ ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿ. ಅವರು ಎಲ್ಲವನ್ನೂ ಬಿಟ್ಟು ಒಂದು ಕಡಲಂಚನ್ನು ‘ನಮ್ಮದು’ ಎಂದರು. ಆ ಒಂದು ಮಮಕಾರ, ಬಿಟ್ಟುಬಂದ ಎಲ್ಲ ಮಮಕಾರಗಳಿಗಿಂತ ಬಲವಾಯಿತು. ಶಾಂತಿಯೂ ಪರಿಗ್ರಹವಾಗಬಲ್ಲುದು, ಪರರ ನೋವಿನಿಂದ ಕಾಯಬೇಕಾದ ಶಾಂತಿ ನಿಶ್ಚಯವಾಗಿ ಪರಿಗ್ರಹ.

ಪುಸ್ತಕದ ಹೊರಗೆ ನಡೆದ ಸಂಗತಿ ಇದಕ್ಕೆ ಸಾಕ್ಷಿ. ಚಲನಚಿತ್ರವನ್ನು ಕಾದಂಬರಿಯ ಕೊಲ್ಲಿಯಲ್ಲಿ ತೆಗೆಯದೆ, ಥಾಯ್ಲೆಂಡಿನ ಇನ್ನೊಂದು ಪಾರ್ಶ್ವದಲ್ಲಿ, ಅಂಡಮಾನ್ ಸಮುದ್ರದ ಫಿ ಫಿ ಲೇ ದ್ವೀಪದ ಮಾಯಾ ಬೇ ಎಂಬ ಸಣ್ಣ ಕೊಲ್ಲಿಯಲ್ಲಿ ತೆಗೆಯಲಾಯಿತು. ಸ್ವರ್ಗ ಇನ್ನಷ್ಟು ಸ್ವರ್ಗವಾಗಿ ಕಾಣಲೆಂದು ಮರಳದಿಬ್ಬಗಳನ್ನು ಸಮಮಾಡಿ ತೆಂಗಿನ ಗಿಡಗಳನ್ನು ನೆಟ್ಟರು. ಸ್ಥಳೀಯರು ಹೂಡಿದ ದಾವೆ ಎರಡು ದಶಕಗಳನ್ನು ಮೀರಿ 2022ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಕೊನೆಗೊಂಡಿತು. ಚಿತ್ರ ಕಂಡವರು ತಂಡತಂಡವಾಗಿ ಬಂದರು. ಒಂದು ಕಾಲಕ್ಕೆ ದಿನಕ್ಕೆ ಸುಮಾರು ಐದು ಸಾವಿರ ಮಂದಿ. ದೋಣಿಗಳ ಲಂಗರುಗಳಿಂದ ಹವಳದ ದಂಡೆ ಹಾಳಾಯಿತು. 2018ರ ಜೂನ್‌ನಲ್ಲಿ ಸರಕಾರ ಕೊಲ್ಲಿಯನ್ನು ಮುಚ್ಚಬೇಕಾಯಿತು. ಹವಳಗಳನ್ನು ಮತ್ತೆ ನೆಟ್ಟು, 2022ರ ಜನವರಿಯಲ್ಲಿ ಮಿತವಾದ ಸಂಖ್ಯೆಯ ಜನರಿಗೆ, ದೋಣಿಗಳು ಒಳಗೆ ಬಾರದಂತೆ ನಿಯಮ ಮಾಡಿ ತೆರೆದರು. ಈ ನಡುವೆ ಆ ನೀರಿಗೆ ಮರಳಿ ಬಂದ ಜೀವ ಯಾವುದು ಗೊತ್ತೇ? ಕಪ್ಪು ರೆಕ್ಕೆತುದಿಯ ಶಾರ್ಕ್. ಕಥೆಯಲ್ಲಿ ಶಾರ್ಕ್ ಬಂದು ಮನುಷ್ಯನ ಸ್ವರ್ಗ ಕೆಟ್ಟಿತು. ನಿಜದಲ್ಲಿ ಮನುಷ್ಯ ಬಂದು ಶಾರ್ಕಿನ ನೆಲೆ ಕೆಟ್ಟಿತ್ತು.

ಮೂರನೆಯ ಬಗೆಯ ಓದುಗರು ಮಾಡಿದ ಕೆಲಸ ಇದು. ಅವರಾರೂ ದುಷ್ಟರಲ್ಲ. ಪ್ರತಿಯೊಬ್ಬನೂ ತಾನೊಬ್ಬನೇ ಹೋದರೆ ಏನಾದೀತೆಂದು ಹೊರಟವನು. ಹವಳದ ದಂಡೆ ನರಳುವುದಿಲ್ಲ, ನರಳಿದರೂ ಕೇಳಿಸುವುದಿಲ್ಲ. ಕೇಳಿಸದ ನೋವನ್ನು ಕೇಳುವ ಕಿವಿಯನ್ನು ಬೆಳೆಸುವುದೇ ಅಹಿಂಸೆಯ ಮೊದಲ ಪಾಠವಷ್ಟೆ. ಆ ಪಾಠವನ್ನು ಶಾಸ್ತ್ರದಿಂದ ಕಲಿತವರು ಧನ್ಯರು. ಪಶ್ಚಾತ್ತಾಪವಿಲ್ಲದ ಒಬ್ಬ ತರುಣನ ಕಥೆಯಿಂದ ಕಲಿತರೂ ಪಾಠ ಅದೇ. ಆದರೆ ಕಲಿಯಬೇಕಾದರೆ ಗುಡಾರದ ಪುಟ ಬಂದಾಗ ಬೇಗಬೇಗ ಹಾಳೆ ಮಗುಚದೆ ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿರಬೇಕು.