ಶೋಧನೆಯೂ ಅಭ್ಯಾಸವೂ

ಕನ್ನಡ ಕ್ರೈಸ್ತರು ತಮ್ಮ ನಿತ್ಯ ಪ್ರಾರ್ಥನೆಯಲ್ಲಿ 'ಶೋಧನೆ' ಎಂಬ ಮಾತನ್ನು ಬಳಸುವುದುಂಟು. ಪಾಪದ ಕಡೆಗೆ ಎಳೆಯುವ ಸೆಳೆತವೆಂದು ಅಲ್ಲಿ ಅದರ ಅರ್ಥ. ಸಾಮಾನ್ಯ ಬಳಕೆಯಲ್ಲಾದರೋ ಶೋಧಿಸುವುದೆಂದರೆ ಸೋಸುವುದು, ಹುಡುಕುವುದು, ಪರೀಕ್ಷಿಸುವುದು. ಇದು ಭಾಷಾಂತರಕಾರರ ಪ್ರಮಾದವಲ್ಲ. ಮೂಲದ ಗ್ರೀಕ್ ಪದದಲ್ಲಿಯೂ ಪರೀಕ್ಷೆ, ಪ್ರಲೋಭನೆ ಎರಡೂ ಅಡಗಿವೆ. ಮೊದಲ ಸಲ ಎದುರಾದ ಪ್ರಲೋಭನೆಯನ್ನು ಪರೀಕ್ಷೆಯೆನ್ನಲು ಅಡ್ಡಿಯಿಲ್ಲ. ಆದರೆ ಸಾವಿರ ಸಲ ಸೋತ ಮೇಲೆ ಮತ್ತೆ ಬರುವ ಅದೇ ಪ್ರಲೋಭನೆಯೂ ಪರೀಕ್ಷೆಯೇ? ಚಾಳಿಯಾಗಿ ಬೇರೂರಿದ ತಪ್ಪಿಗೆ ಮನುಷ್ಯನು ಹೊಣೆಯೇ?

ಈ ಪ್ರಶ್ನೆಯನ್ನು ತನ್ನ ಮೈಮೇಲೆಯೇ ಹಾಕಿಕೊಂಡು ವಿಚಾರಿಸಿದವನು ಅಗಸ್ಟೀನ್. ಕ್ರಿ. ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಜನಿಸಿದ ಇವನು ಕಾರ್ಥೇಜ್, ರೋಮ್, ಮಿಲಾನ್ ನಗರಗಳಲ್ಲಿ ವಾಗ್ಮಿತೆಯ ಅಧ್ಯಾಪಕನಾಗಿದ್ದು, ಹಿಪ್ಪೋ ನಗರದ ಬಿಷಪ್ಪನಾದ ಮೇಲೆ 'ಕನ್ಫೆಷನ್ಸ್' ಎಂಬ ಆತ್ಮನಿವೇದನೆಯನ್ನು ಬರೆದನು.

ಅದರಲ್ಲಿ ಅವನ ತಾಯಿ ಮೋನಿಕಾಳ ಬಾಲ್ಯದ ಕಥೆಯೊಂದಿದೆ. ಪೀಪಾಯಿಯಿಂದ ದ್ರಾಕ್ಷಾರಸ ತರುವ ಕೆಲಸ ಆ ಹುಡುಗಿಯದು. ತುಂಬಿದ ಪಾತ್ರೆಯನ್ನು ಹೂಜಿಗೆ ಬಗ್ಗಿಸುವ ಮುನ್ನ ತುಟಿಯ ತುದಿಗೆ ಸೋಂಕಿಸುವಳು. ಕುಡಿತದ ಆಸೆಯಿಂದಲ್ಲ, ಬರಿಯ ಹುಡುಗಾಟದಿಂದ. ದಿನಕ್ಕಿಷ್ಟು ಸೇರುತ್ತ ಸೇರುತ್ತ, ಬಟ್ಟಲು ಬಟ್ಟಲೇ ಬರಿದಾಗತೊಡಗಿತು. ಜೊತೆಯಲ್ಲಿ ಹೋಗುತ್ತಿದ್ದ ದಾಸಿ ಒಂದು ದಿನ ಜಗಳದ ಭರದಲ್ಲಿ 'ಕುಡುಕಿ' ಎಂದು ಹಂಗಿಸಿದಳು. ಆ ಮಾತು ಮುಳ್ಳಿನಂತೆ ನೆಟ್ಟು, ಚಾಳಿ ಅಂದೇ ನಿಂತಿತು. ಬೈದರೆ ಮಕ್ಕಳು ತಿದ್ದಿಕೊಳ್ಳುತ್ತಾರೆಂದು ಅಧ್ಯಾಪಕರಾದ ನಾವು ಇದರಿಂದ ತೀರ್ಮಾನಿಸಲಾಗದು. ದಾಸಿಯ ಉದ್ದೇಶ ತಿದ್ದುವುದಲ್ಲ, ನೋಯಿಸುವುದಾಗಿತ್ತೆಂದು ಅಗಸ್ಟೀನನೇ ಹೇಳುತ್ತಾನೆ. ಶಾಲೆಯಲ್ಲಿ ತನಗೆ ಬಿದ್ದ ಏಟುಗಳನ್ನೂ, ಏಟು ತಪ್ಪಲೆಂದು ದೇವರಲ್ಲಿ ಮೊರೆಯಿಟ್ಟುದನ್ನೂ, ಹಿರಿಯರು ಅದಕ್ಕೆ ನಕ್ಕುದನ್ನೂ ಅವನು ಮರೆತಿಲ್ಲ.

ತಾಯಿಗೆ ಒಂದು ಮಾತು ಸಾಕಾಯಿತು. ಮಗನಿಗೆ ವರ್ಷಗಳೇ ಸಾಲಲಿಲ್ಲ. ಬಾಗಿದ ಸಂಕಲ್ಪದಿಂದ ಕಾಮನೆ, ಕಾಮನೆಯ ಊಳಿಗದಿಂದ ಅಭ್ಯಾಸ, ತಡೆಯದ ಅಭ್ಯಾಸದಿಂದ ಅನಿವಾರ್ಯತೆ ಹುಟ್ಟುವುದೆಂದು ಅವನ ವಿವರಣೆ. ಸಂಕೋಲೆ ಬಿಗಿಯಾಗಿದೆ, ಆದರೆ ಪ್ರತಿಯೊಂದು ಕೊಂಡಿಯನ್ನೂ ಬಡಿದವನು ತಾನೇ. ಆದುದರಿಂದ ಹೊಣೆಯೂ ತನ್ನದೇ. (ಪಾಠವನ್ನೂ ಚಾಳಿಯನ್ನೂ ನಾವು ಅಭ್ಯಾಸವೆಂದೇ ಕರೆಯುವುದು ಎಷ್ಟು ಉಚಿತ! ಎರಡೂ ಕೂಡುವುದು ತಿದ್ದಿ ತಿದ್ದಿಯೇ.) ತುಟಿಗೆ ಸೋಂಕಿಸಿದ ಮಗುವಿಗೆ ಆ ಮೊದಲ ಕೊಂಡಿಯ ಅರಿವಿತ್ತೆ ಎಂಬ ಶಂಕೆ ಮಾತ್ರ ನನಗೆ ಪೂರ್ತಿಯಾಗಿ ನೀಗಿಲ್ಲ.

386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅವನ ಹೋರಾಟ ತುತ್ತತುದಿಗೆ ಮುಟ್ಟಿತು. ಅಲ್ಲಿ ಅವನಿಗೆ ಹೊಳೆದ ಸಮಸ್ಯೆ ವಿಚಿತ್ರವಾದುದು. ಮನಸ್ಸು ಕೈಗೆ ಆಜ್ಞೆ ಮಾಡಿದರೆ ಕೈ ತತ್‌ಕ್ಷಣ ಏಳುತ್ತದೆ. ಮನಸ್ಸು ತನಗೆ ತಾನೇ ಆಜ್ಞೆ ಮಾಡಿದರೆ ನಡೆಯದು. ಏಕೆಂದರೆ ಆಜ್ಞಾಪಿಸುವ ಮನಸ್ಸು ಇಡಿಯಾಗಿಲ್ಲ, ಬೇಕೆನ್ನುತ್ತಲೇ ಬೇಡವೆನ್ನುತ್ತಿದೆ. ಏಳಬೇಕೆಂದು ಬಲ್ಲವನೂ 'ಇನ್ನೊಂದು ಗಳಿಗೆ' ಎಂದು ಮಗ್ಗುಲಾಗುವುದಿಲ್ಲವೇ? ಮರುವರ್ಷದ ಈಸ್ಟರ್ ಹಬ್ಬದಂದು ಆಂಬ್ರೋಸನಿಂದ ಅವನಿಗೆ ದೀಕ್ಷಾಸ್ನಾನವಾಯಿತು.

ಇಷ್ಟರಲ್ಲಿ ಒಬ್ಬಳನ್ನು ಮರೆಯುತ್ತೇವೆ. ಹತ್ತಕ್ಕೂ ಹೆಚ್ಚು ವರ್ಷ ಅವನೊಡನೆ ಬಾಳಿ ಮಗನನ್ನು ಹೆತ್ತವಳನ್ನು, ಅವನಿಗೆ ಬೇರೆ ಮದುವೆ ಗೊತ್ತಾದಾಗ ಆಫ್ರಿಕಕ್ಕೆ ಹಿಂದಕ್ಕೆ ಕಳುಹಿಸಿದರು. ಇನ್ನೊಬ್ಬ ಪುರುಷನನ್ನು ಕೂಡೆನೆಂದು ವ್ರತ ತೊಟ್ಟು, ಮಗನನ್ನು ಬಿಟ್ಟು ಅವಳು ಹೋದಳು. ಇವನೋ, ಮದುವೆಗೆ ಕಾಯಲಾರದೆ ಮತ್ತೊಬ್ಬಳನ್ನು ಇಟ್ಟುಕೊಂಡನು. ತನ್ನ ಹೃದಯ ರಕ್ತ ಸುರಿಸಿತೆಂದು ಬರೆದವನು ಅವಳ ಹೆಸರನ್ನು ಬರೆಯಲಿಲ್ಲ. ಹುಡುಗನಾಗಿದ್ದಾಗ ಪರರ ಮರದ ಪೇರು ಹಣ್ಣು ಕದ್ದುದಕ್ಕೆ ಪುಟಗಟ್ಟಲೆ ಪರಿತಪಿಸುವ ಲೇಖನಿ ಇಲ್ಲಿ ಅಷ್ಟು ಬೇಗ ಮುಂದೆ ಸರಿಯುವುದು ನನಗೆ ನ್ಯಾಯವೆನಿಸಿಲ್ಲ. ತನ್ನ ಪಾಪದೊಡನೆ ಸೆಣಸುವವನ ಕಣ್ಣು ತನ್ನ ಮೇಲೆಯೇ ನೆಟ್ಟಿರುವುದೂ ಒಂದು ಶೋಧನೆಯಿರಬಹುದು.

ಆದರೆ ಒಂದು ವಿಷಯದಲ್ಲಿ ಅವನು ಆತ್ಮವಂಚನೆ ಮಾಡಿಕೊಳ್ಳಲಿಲ್ಲ. ದೀಕ್ಷೆಯಾಗಿ ಹತ್ತು ವರ್ಷ ಕಳೆದು, ಬಿಷಪ್ಪನಾಗಿ ಕುಳಿತು ಬರೆಯುವಾಗಲೂ, ಹಳೆಯ ಚಿತ್ರಗಳು ಕನಸಿನಲ್ಲಿ ಬರುತ್ತವೆ, ಊಟದಲ್ಲಿ ಹಸಿವೆಲ್ಲಿ ಮುಗಿದು ಆಸೆಯೆಲ್ಲಿ ತೊಡಗಿತೆಂದು ತಿಳಿಯದು, ಹೊಗಳಿಕೆ ಹಿತವೆನಿಸುತ್ತದೆ ಎಂದು ಒಪ್ಪಿಕೊಳ್ಳುತ್ತಾನೆ. ದೇವರು ವಿಧಿಸಿದುದನ್ನು ನಡೆಸುವ ಶಕ್ತಿಯನ್ನೂ ದೇವರೇ ಕೊಡಲೆಂದು ಬೇಡುತ್ತಾನೆ. ರೋಮಿನಲ್ಲಿ ಈ ಬೇಡಿಕೆಯನ್ನು ಕೇಳಿದ ಪೆಲಾಜಿಯಸ್ ಎಂಬ ವಿರಕ್ತನು ಕೆರಳಿದನು. ಶಕ್ತಿಯನ್ನೂ ದೇವರೇ ಕೊಡಬೇಕಾದರೆ ಮನುಷ್ಯನು ಕೈಕಟ್ಟಿ ಕೂರುವನಷ್ಟೆ ಎಂದು ಅವನ ಭಯ. 418ರ ಕಾರ್ಥೇಜ್ ಸಭೆ ಪೆಲಾಜಿಯಸನ ಬೋಧೆಯನ್ನು ತಳ್ಳಿಹಾಕಿತು. ಆದರೂ 'ನನ್ನಿಂದಾಗದು ಸ್ವಾಮಿ' ಎನ್ನುವ ಹುಡುಗನೆದುರು ನಿಂತ ಉಪಾಧ್ಯಾಯನಿಗೆ ಆ ಭಯದ ಪರಿಚಯವಿದೆ.

430ರಲ್ಲಿ ವ್ಯಾಂಡಲರು ಹಿಪ್ಪೋ ನಗರವನ್ನು ಮುತ್ತಿದ್ದಾಗ ಅಗಸ್ಟೀನನು ಜ್ವರದಿಂದ ಮಲಗಿದನು. ಅವನ ಆಪ್ತನಾದ ಪೊಸಿಡಿಯಸ್ ಬರೆದಿರುವಂತೆ, ಪಶ್ಚಾತ್ತಾಪದ ಕೆಲವು ಕೀರ್ತನೆಗಳನ್ನು ಬರೆಯಿಸಿ ಹಾಸಿಗೆಯ ಪಕ್ಕದ ಗೋಡೆಗೆ ಹಾಕಿಸಿಕೊಂಡನು. ವೈದ್ಯರು ಬರುವಾಗ, ಊಟ ತರುವಾಗಲಲ್ಲದೆ ಬೇರಾರೂ ಒಳಗೆ ಬರಕೂಡದೆಂದು ಹೇಳಿ, ಸುಮಾರು 10 ದಿನ ಅವನ್ನು ಓದುತ್ತ ಅಳುತ್ತ ಮಲಗಿದ್ದನು. ಆಗ ಅವನಿಗೆ 75 ವರ್ಷ.