ಇಂದಿನ ಚಿಂತನೆ: ಎಷ್ಟನೇ ಕ್ಲಾಸ್?



ಕ್ಲಾಸ್ ಎಂದರೆ ತರಗತಿ. ವರ್ಗವೂ ಹೌದು. ಬೈದರೂ ‘ಕ್ಲಾಸ್ ತೆಗೆದುಕೊಂಡರು’ ಅನ್ನುತ್ತೇವೆ. 1897ರಲ್ಲಿ ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಕಟ್ಟಿದ್ದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಆ ಹೆಸರಿನ ಕ್ಲಾಸ್ ಎಂದರೆ ತುಳಿಯಲ್ಪಟ್ಟ ನಮ್ಮ ಹಿರಿಯರು. ಮಿಷನ್ನಿನ ಕೆಲಸ ಅವರ ಮಕ್ಕಳನ್ನು ಕ್ಲಾಸಿಗೆ ಸೇರಿಸುವುದು. ಬಾಲಕ ಭೀಮರಾವ್ ಕ್ಲಾಸಿಗೆ ಸೇರಿದರೂ ಗೋಣಿತಟ್ಟಿನ ಮೇಲೆ ಬೇರೆಯೇ ಕೂರಬೇಕಾಯಿತು. ತರಗತಿ ಸಿಕ್ಕಿತು, ವರ್ಗ ಬಿಡಲಿಲ್ಲ.

ನಾನು ಫಸ್ಟ್ ಕ್ಲಾಸಲ್ಲಿ ಪಾಸಾದವ. ಕಳೆದ ಭಾನುವಾರ ನಮ್ಮ ಕೂಟಕ್ಕೆ ಹೊಸದಾಗಿ ಬಂದ ಪೌರಕಾರ್ಮಿಕರೊಬ್ಬರನ್ನು ಮೊದಲು ಕೇಳಿದ್ದೇ, “ಎಷ್ಟನೇ ಕ್ಲಾಸ್ ಓದಿದ್ದೀರಿ?” ಅವರು ಸುಮ್ಮನೆ ಹಿಂದೆ ಹೋಗಿ ಕೂತರು. ಆ ಗೋಣಿತಟ್ಟು ಹಾಸಿದವ ನಾನೇ.

ಬುದ್ಧರ ಸಂಘದಲ್ಲಿ ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರು ತಲೆಬಾಗಿದರು. ಬರುವ ಭಾನುವಾರ ನಾನು ಹಿಂದೆ ಹೋಗಿ ಅವರ ಪಕ್ಕ ಕೂರುತ್ತೇನೆ, ಕಲಿಯಲಿಕ್ಕೆ.